ರೇಡಿಯೋದವರು ಹೋದರೆ ಯಾರನ್ನು ಮಾತಾಡಿಸಬೇಕು?

ನಮ್ಮ ಬೈಲಹೊಂಗಲ ಕಡೆ ಸತ್ತವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ಮದುವೆಗೆ ಹೋಗುವುದಕ್ಕಿಂತ ಕಟ್ಟುನಿಟ್ಟಿನ ಕೆಲಸ. ಮದುವೆ ತಪ್ಪಿಸಿದವ ಬಸ್ ಸಿಗಲಿಲ್ಲ ಅಂದರೆ ನಡೆಯುತ್ತದೆ. ಮಾತಾಡಿಸಲು ಬಾರದವನ ಹೆಸರು ಮಾತ್ರ ಮುಂದೆ ಹೊಲದ ಬದುವಿನ ಜಗಳದಲ್ಲೂ ಬರುತ್ತದೆ. ಹೋದವರು ಜಮಖಾನದ ಅಂಚಿಗೆ ಕೂತು, ಸ್ವಲ್ಪ ಹೊತ್ತು ಗೋಡೆ ನೋಡಿ, “ಹೆಂಗಾತ್ರಿ?” ಅನ್ನಬೇಕು. ಮನೆಯವರು ಮುಂಜಾನೆಯ ಚಹಾದಿಂದ ಹಿಡಿದು ಡಾಕ್ಟರರು ತಲೆ ಅಲ್ಲಾಡಿಸಿದ ತನಕ ಹೇಳಬೇಕು. ಹೇಳಿ ಮುಗಿಯುವಷ್ಟರಲ್ಲಿ ಸವದತ್ತಿ ಬಸ್ಸಿಗೆ ಬಂದ ಇನ್ನೊಂದು ಗುಂಪು ಒಳಗೆ ಬರುತ್ತದೆ. ಕತೆ ಮತ್ತೆ ಚಹಾದಿಂದ ಶುರು.

ಇಷ್ಟು ಪಕ್ಕಾ ರೀತಿ ರಿವಾಜು ಇರುವ ಸೀಮೆಯಲ್ಲಿ ಒಂದಕ್ಕೆ ಮಾತ್ರ ಶಾಸ್ತ್ರವಿಲ್ಲ. ಮುಖ ನೋಡಿಲ್ಲ, ಬೀಗತನವಿಲ್ಲ, ದನಿ ಒಂದೇ ಪರಿಚಯ. ಆ ದನಿ ನಮ್ಮನ್ನು ನಲವತ್ತು ವರ್ಷ ನಗಿಸಿದೆ. ಅಂಥವರು ತೀರಿಕೊಂಡರೆ ಯಾರ ಮನೆ ಬಾಗಿಲಿಗೆ ಹೋಗಬೇಕು?

2000ದ ಜೂನ್ 12ರಂದು ಪುಣೆಯಲ್ಲಿ ಪು.ಲ. ದೇಶಪಾಂಡೆ ತೀರಿಕೊಂಡರು. ಕಾರಹುಣ್ಣಿಮೆಗೆ ನಾಲ್ಕು ದಿನ ಇತ್ತು. ನಮ್ಮ ಓಣಿ ಈ ಪ್ರಶ್ನೆಗೆ ತಾನೇ ಉತ್ತರ ಕಂಡುಕೊಂಡಿತು: ನಮ್ಮ ಕಾಕಾನ ಮನೆಗೆ ಹೋಗಬೇಕು.

ಕಾಕಾನಿಗೂ ಪು.ಲ. ಅವರಿಗೂ ಕಳ್ಳುಬಳ್ಳಿಯ ಸಂಬಂಧವೇನೂ ಇಲ್ಲ. ಕಾಕಾ ರಾಮದುರ್ಗದಲ್ಲಿ ಬೆಳೆದವರು, ಅದೂ ಭಾವೆ ಮನೆತನದ ಸಂಸ್ಥಾನ ಇನ್ನೂ ವಿಲೀನವಾಗದ ಕಾಲಕ್ಕೆ. ಹಾಗಾಗಿ ಕನ್ನಡದ ಜೊತೆಗೆ ಮರಾಠಿಯೂ ಹಾಲು ಹಲ್ಲಿನ ಸಂಗಡ ಬಂದಿತ್ತು. ದೊಡ್ಡ ವಾಲ್ವ್ ರೇಡಿಯೋ ಒಂದು ಅವರ ನಡುಮನೆಯಲ್ಲಿ ಕ್ರೋಶಾದ ಹೊದಿಕೆ ಹೊದ್ದು ಕೂತಿರುತ್ತಿತ್ತು. ಗುಂಡಿ ತಿರುವಿದರೆ ಅದು ತಕ್ಷಣ ಮಾತಾಡುವ ಪೈಕಿ ಅಲ್ಲ. ಮೊದಲು ಬೆಚ್ಚಗಾಗಬೇಕು, ಆಮೇಲೆ ಗೊರಗೊರ ಅನ್ನಬೇಕು, ಆಮೇಲೆ ಧಾರವಾಡ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗಿನಿಂದ ಕಾಕಾ ಅದರ ಗಿರಾಕಿ. ಎನ್ಕೆ ಕುಲಕರ್ಣಿಯವರ ನಗೆನಾಟಕ ಬಂದರೆ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುವಂತಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಬಂದರೆ ಉಸಿರೂ ಆಡುವಂತಿಲ್ಲ. ಮರಾಠಿ ಸ್ಟೇಶನ್ನು ಹಿಡಿದ ದಿನ ಪು.ಲ. ಸಿಕ್ಕರೆ ಕಾಕಾ ಮೊದಲೇ ನಗಲಿಕ್ಕೆ ಶುರುಮಾಡಿ, ಮುಂದಿನ ಮಾತು ಯಾರಿಗೂ ಕೇಳದಂತೆ ಮಾಡುತ್ತಿದ್ದರು.

ಪು.ಲ. ಅಂದರೆ ನಗೆಬರಹಗಾರ, ನಟ, ಆಕಾಶವಾಣಿಯ ನೌಕರ, ಇದೆಲ್ಲದರ ಮೇಲೆ ಪಕ್ಕಾ ಹಾರ್ಮೋನಿಯಂ ವಾದಕ. ದೆಹಲಿಯಲ್ಲಿ ದೂರದರ್ಶನ ಹುಟ್ಟಿದ ಹೊಸದರಲ್ಲಿ ನೆಹರೂ ಅವರನ್ನು ಮೊದಲು ಸಂದರ್ಶಿಸಿದವರೂ ಇವರೇ. ಇಷ್ಟು ದೊಡ್ಡವರಾದರೂ ನಮ್ಮ ಕಾಕಾ ಅವರನ್ನು ಪರಊರಿನವರೆಂದು ಎಂದೂ ಒಪ್ಪಿದ್ದಿಲ್ಲ. ಅವರ ಮನೆತನದ ಮೂಲ ಚಂದಗಡ ತಾಲೂಕಿನ ಜಂಗಮಹಟ್ಟಿ. ಚಂದಗಡ 1956ರ ತನಕ ಬೆಳಗಾವಿ ಜಿಲ್ಲೆಯಲ್ಲೇ ಇತ್ತು. ಪು.ಲ. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು, ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಜೀವದ ಗೆಳೆಯರು. “ಜಿಲ್ಲಾ ಹೋತು, ಮನಷ್ಯಾ ಎಲ್ಲಿ ಹೋಕ್ಕಾನ?” ಎಂಬುದು ಕಾಕಾನ ವಾದ. ಗಡಿ ತಂಟೆಯ ಬಗ್ಗೆ ನಾನು ಕೇಳಿದ ವಾದಗಳಲ್ಲಿ ಇದೊಂದೇ ಯಾರಿಗೂ ತ್ರಾಸ ಕೊಡದ್ದು.

ಆದರೆ ಸುದ್ದಿ ಓಣಿಯಲ್ಲಿ ಹಬ್ಬಿದ್ದು ಸರಳವಾಗಿ ಅಲ್ಲ. “ದೇಶಪಾಂಡೇರು ಹೋದ್ರಂತ” ಅಷ್ಟೇ ಹಬ್ಬಿತು. ನಮ್ಮ ಈ ತಾಲೂಕುಗಳಲ್ಲಿ ದೇಶಪಾಂಡೆಯವರ ವಾಡೆ ಇಲ್ಲದ ದೊಡ್ಡ ಊರು ಹುಡುಕುವುದೇ ಕಷ್ಟ. ಕಿತ್ತೂರಿನಿಂದ ಅತ್ತೆ ಫೋನು ಮಾಡಿ, “ಯಾವ ದೇಶಪಾಂಡೇರೊ? ಬೆಳವಡಿಯವರೇನು, ಸವದತ್ತಿಯವರೇನು?” ಎಂದು ಗಾಬರಿಯಾಗಿ ಕೇಳಿದಳು. ಪುಣೆಯವರು ಎಂದರೆ, “ಅಲ್ಲಿ ನಮ್ಮವರು ಯಾರಿದ್ರು?” ಎಂದಳು. ನಗೆ ಮಾಡುವವರು ಅಂದ ಮೇಲೆ ಅವಳಿಗೆ ಸಮಾಧಾನ. “ಅಯ್ಯ, ನಿಮ್ಮ ಕಾಕಾನ ದೇಶಪಾಂಡೇರು! ಹಂಗ ಅನ್ನಬಾರದೇನು? ನಾಳೆ ಬರ್ತೀನಿ ಮಾತಾಡಸಾಕ.”

ಬಂದಳು ಕೂಡ. ಅವಳ ಹಿಂದೆ ಹಿಟ್ಟಿನ ಗಿರಣಿಯವರು, ನಿವೃತ್ತ ಪೋಸ್ಟ್‌ಮನ್, ಎದುರು ಮನೆಯ ಅಜ್ಜಿ. ಕಾಕಾ ಜಮಖಾನ ಹಾಸಿರಲಿಲ್ಲ, ಅಜ್ಜಿಯೇ ಮೂಲೆಯಲ್ಲಿದ್ದದ್ದನ್ನು ಎಳೆದು ಹಾಸಿದಳು. ಪೋಸ್ಟ್‌ಮನ್ ಪದ್ಧತಿ ಪ್ರಕಾರ ಗೋಡೆ ನೋಡಿ ಕೇಳಿದ:

“ಹೆಂಗಾತ್ರಿ ಮಾಸ್ತರ?”

ಕಾಕಾ ಗಂಭೀರವಾಗಿ ಬಾಯಿ ತೆರೆದರು. ಚಹಾ, ಡಾಕ್ಟರು, ದವಾಖಾನೆ ಒಂದೂ ಅವರಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಪು.ಲ. ಹೇಳಿದ ನಗೆಮಾತು. ಒಂದನ್ನು ಹೇಳಿದರು. ಪೋಸ್ಟ್‌ಮನ್ ತುಟಿ ಬಿಗಿಹಿಡಿದ. ಇನ್ನೊಂದು ಹೇಳಿದರು. ಗಿರಣಿಯವರು ಪಟಕಾದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಮೂರನೆಯದಕ್ಕೆ ಅಜ್ಜಿ, “ಸತ್ತ ಮನ್ಯಾಗ ನಗಸ್ತೀಯಲ್ಲೋ ನಿನ್ನ ಬಾಯಿಗಿಷ್ಟು!” ಎಂದು ಬೈದು, ತಾನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಷ್ಟರಲ್ಲಿ ಇನ್ನೊಂದು ಗುಂಪು ಬಂತು. ಕತೆ ಮತ್ತೆ ಮೊದಲಿನಿಂದ.

ಆಮೇಲೆ ಕಾಕಾ ‘ರಾವಸಾಹೇಬ’ ಕ್ಯಾಸೆಟ್ ಹಚ್ಚಿದರು. ಕೇಳಿದವರಿಗೆ ಗೊತ್ತು, ಕೇಳದವರಿಗೆ ಎರಡು ಮಾತು. ಪು.ಲ. ಅವರ ‘ಗಣಗೋತ’ ಪುಸ್ತಕದಲ್ಲಿ ಬರುವ ಈ ರಾವಸಾಹೇಬ ಬೆಳಗಾವಿಯ ಮನುಷ್ಯ, ಸಂಗೀತ ನಾಟಕದ ಹುಚ್ಚ. ಬಾಯಿ ತೆರೆದರೆ ಬೈಗುಳ, ಬೈಗುಳದ ಒಳಗೆ ಬೆಲ್ಲ. ಆಡುವುದು ಮರಾಠಿ, ಆದರೆ ಕನ್ನಡದ ರಾಗದಲ್ಲಿ. ಮರಾಠಿಯಲ್ಲಿ ಕುರ್ಚಿಗೂ ಕಂಬಕ್ಕೂ ಗಂಡು ಹೆಣ್ಣು ಉಂಟಲ್ಲ, ರಾವಸಾಹೇಬರು ಆ ವ್ಯಾಕರಣವನ್ನೆಲ್ಲ ಗಾಳಿಗೆ ತೂರಿ ಗಂಡನ್ನು ಹೆಣ್ಣು, ಹೆಣ್ಣನ್ನು ಗಂಡು ಮಾಡಿಕೊಂಡೇ ಹೋಗುತ್ತಾರೆ. ಪುಣೆಯವರು ಇದನ್ನು ಕೇಳಿ ನಗುವುದು ಬೇರೆಯವರ ಮಾತೆಂದು. ನಾವು ನಗುವುದು ನಮ್ಮ ಮಾವನ ಮಾತೆಂದು. ಮುಖ್ಯ ವಿಷಯ ಬೇರೆಯೇ ಇದೆ: ಇದು ತೀರಿಕೊಂಡ ಗೆಳೆಯನ ಮೇಲೆ ಪು.ಲ. ಬರೆದ ನೆನಪು. ಉದ್ದಕ್ಕೂ ಹೊಟ್ಟೆ ಹುಣ್ಣಾಗುವಂತೆ ನಗಿಸಿ, ಕೊನೆಯ ಎರಡು ನಿಮಿಷದಲ್ಲಿ ಗಂಟಲು ಹಿಡಿಸುತ್ತಾರೆ. ನಗಿಸಿದವನನ್ನು ಹೇಗೆ ಕಳಿಸಬೇಕೆಂದು ಪು.ಲ. ತಾವೇ ಪಾಠ ಹೇಳಿ ಹೋಗಿದ್ದರು. ಕಾಕಾ ಒಳ್ಳೆಯ ವಿದ್ಯಾರ್ಥಿ, ಅಷ್ಟೇ.

ಸರಕಾರಕ್ಕೆ ಈ ಪಾಠ ಗೊತ್ತಿಲ್ಲ. 1984ರ ಅಕ್ಟೋಬರ್ 31 ನೆನಪಿದ್ದವರಿಗೆ ಗೊತ್ತು, ಇಂದಿರಾ ಗಾಂಧಿ ಹೋದಾಗ ರೇಡಿಯೋ ದಿನಗಟ್ಟಲೆ ಅಳುವ ವಾದ್ಯವನ್ನೇ ನುಡಿಸಿತು. ಆಮೇಲೆ ಎಷ್ಟೋ ವರ್ಷ, ರೇಡಿಯೋದಲ್ಲಿ ಬೆಳಬೆಳಗ್ಗೆ ಸಾರಂಗಿ ಕೇಳಿದರೆ ಹುಡುಗರು ಸಾಲಿ ಸೂಟಿಯೇನೋ ಎಂದು ಆಸೆಪಡುತ್ತಿದ್ದರು. ದೇಶದ ನಾಯಕರಿಗೆ ಅದು ಸರಿ. ವಿದೂಷಕನಿಗೂ ಅದನ್ನೇ ನುಡಿಸಿದರೆ ಅವನ ಜನ್ಮಕ್ಕೇ ಅವಮಾನ.

ಇಂಥದೇ ಒಂದು ಸಾವು ಇಂಗ್ಲೆಂಡಿನಲ್ಲೂ ಆಯಿತು. ಅಕ್ಕನ ಮಗ ಅಲ್ಲಿ ಕೆಲಸಕ್ಕಿದ್ದಾನೆ. 2008ರ ಏಪ್ರಿಲ್ ಕೊನೆಗೆ ಫೋನು ಮಾಡಿ, “ಮಾಮಾ, ಹಂಫ್ ಹೋದ್ರು” ಎಂದ. ಹಂಫ್ರಿ ಲಿಟಲ್ಟನ್, ವಯಸ್ಸು 86, ಜಾಝ್ ತುತ್ತೂರಿಯವರು. 1945ರ ಮೇ 8ರಂದು ಯುದ್ಧ ಮುಗಿದ ಸಂಭ್ರಮದಲ್ಲಿ ಲಂಡನ್ನಿನ ಅರಮನೆ ಮುಂದೆ ಕೈಗಾಡಿಯಲ್ಲಿ ಕೂತು ತುತ್ತೂರಿ ಊದಿದ ಆಸಾಮಿ. 1972ರಿಂದ ಸಾಯುವ ತನಕ ಬಿಬಿಸಿ ರೇಡಿಯೋದ ಒಂದು ನಗೆ ಕಾರ್ಯಕ್ರಮಕ್ಕೆ ಯಜಮಾನ. ಅದರ ಹೆಸರಿನ ಅರ್ಥವೇ ‘ಕ್ಷಮಿಸಿ, ನನಗೇನೂ ಗೊತ್ತಿಲ್ಲ’ ಎಂದು. ತಾನು ಒಂದಿಷ್ಟೂ ನಗದೆ, ಇಲ್ಲಿಗೆ ಯಾಕಾದರೂ ಬಂದೆನೋ ಎಂಬ ದನಿಯಲ್ಲಿ ಓದಿ, ದೇಶವನ್ನೆಲ್ಲ ನಗಿಸುತ್ತಿದ್ದರಂತೆ.

ಅದರಲ್ಲಿ ಒಂದು ಆಟ ‘ಮಾರ್ನಿಂಗ್ಟನ್ ಕ್ರೆಸೆಂಟ್’. ಆಡುವವರು ಒಬ್ಬರಾದ ಮೇಲೆ ಒಬ್ಬರು ಲಂಡನ್ನಿನ ಸ್ಟೇಶನ್ನುಗಳ ಹೆಸರು ಹೇಳುತ್ತ ಹೋಗಬೇಕು. ಮೊದಲು ಮಾರ್ನಿಂಗ್ಟನ್ ಕ್ರೆಸೆಂಟ್ ಅಂದವ ಗೆದ್ದ. ನಿಯಮ ಏನು? ನಿಯಮವೇ ಇಲ್ಲ. ಇಲ್ಲದ ನಿಯಮದ ಬಗ್ಗೆ ಘನಘೋರ ಚರ್ಚೆ ಮಾಡುವುದೇ ಆಟ. ಇನ್ನೂ ಮಜಾ ಎಂದರೆ ಆ ಸ್ಟೇಶನ್ನು 1992ರಿಂದ 1998ರ ತನಕ ಬಾಗಿಲು ಹಾಕಿತ್ತು. ರೈಲು ನಿಲ್ಲುತ್ತಿರಲಿಲ್ಲ, ರೇಡಿಯೋದವರು ಮಾತ್ರ ಬಿಡದೆ ತಲುಪುತ್ತಿದ್ದರು. ಮತ್ತೆ ತೆರೆಯುವಾಗ ಮಂತ್ರಿ ಮಹೋದಯರ ಬದಲು ಈ ನಗೆಯ ಮಂದಿಯನ್ನೇ ಕರೆದರು. ಬಾಗಿಲು ತೆಗೆಸಲು ಸರಿಯಾದವರನ್ನು ಕರೆದ ಉದಾಹರಣೆ ಇತಿಹಾಸದಲ್ಲಿ ಕಡಿಮೆ.

ಈ ಆಟವನ್ನು ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಶುರುಮಾಡಿದ್ದು ನಾನೇ. ನಮ್ಮದರಲ್ಲಿ ಮೊದಲು ‘ಯರಗಟ್ಟಿ’ ಅಂದವ ಗೆದ್ದ. ಯಾಕೆಂದರೆ ಈ ಕಡೆ ಎಲ್ಲಿಂದ ಎಲ್ಲಿಗೆ ಹೋದರೂ ಕೊನೆಗೆ ಯರಗಟ್ಟಿ ಕ್ರಾಸಿನಲ್ಲಿ ಇಳಿದು ಕಾಯಬೇಕಾಗುತ್ತದೆ. ಒಬ್ಬ ಸಂಪಗಾಂವ ಅನ್ನುತ್ತಾನೆ, ಇನ್ನೊಬ್ಬ ಮುರಗೋಡ. “ಮುರಗೋಡ ಆದಮ್ಯಾಗ ಕಟಕೋಳ ನಡೆಂಗಿಲ್ಲ” ಎಂದು ಮೂರನೆಯವ. “ನವಿಲುತೀರ್ಥ ಡ್ಯಾಮ್ ತುಂಬಿದ್ರ ನಡೀತೈತಿ” ಎಂದು ನಾಲ್ಕನೆಯವ. ನಿವೃತ್ತ ಕಂಡಕ್ಟರ್ ಒಬ್ಬರು ನಿಜವಾಗಿ ಸಿಟ್ಟಿಗೆದ್ದು ಮುನವಳ್ಳಿಯನ್ನು ಔಟ್ ಮಾಡಿದರು. ಹೊಸಬ ಬಂದು ನಿಯಮ ಕೇಳಿದರೆ, “ನಿಮ್ಮ ಊರಾಗ ಇಷ್ಟೂ ಹೇಳಿಕೊಟ್ಟಿಲ್ಲೇನು?” ಎಂದು ಎಲ್ಲರೂ ಮರುಗುತ್ತಾರೆ. ನಮ್ಮವರಿಗೆ ಇದನ್ನು ಕಲಿಸಬೇಕಾಗಲೇ ಇಲ್ಲ. ಗ್ರಾಮಸಭೆಯಲ್ಲಿ ಕೂತು ಅಭ್ಯಾಸ.

ಹಂಫ್ ಅವರದು ಇನ್ನೊಂದು ಆಟ: ಒಂದು ಹಾಡಿನ ಮಾತನ್ನು ಬೇರೆ ಹಾಡಿನ ಧಾಟಿಗೆ ಹಾಡುವುದು. ಅಳಿಯ ಇದನ್ನು ದೊಡ್ಡ ವಿನೋದವೆಂದು ಹೇಳಿದಾಗ ನಾನು ಸುಮ್ಮನೆ ಕಪಾಟಿನಿಂದ ನಮ್ಮ ಭಜನಿ ಪುಸ್ತಕ ತೆಗೆದೆ. ಪ್ರತಿ ಪದದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಧಾಟಿ’ ಎಂದು ಹಾಕಿ ಒಂದೊಂದು ಸಿನೆಮಾ ಹಾಡಿನ ಹೆಸರು ಅಚ್ಚಾಗಿದೆ. ವೈರಾಗ್ಯದ ಪದಕ್ಕೆ ಮರ ಸುತ್ತುವ ಹಾಡಿನ ಧಾಟಿ. ಅವರು ನಗಲೆಂದು ಮಾಡಿದ್ದನ್ನು ನಾವು ಹೆಣದ ಮುಂದೆ ರಾತ್ರಿಯಿಡೀ, ಕಣ್ಣು ಮುಚ್ಚಿ, ಭಕ್ತಿಯಿಂದ ಮಾಡುತ್ತೇವೆ. ಯಾರೂ ನಗುವುದಿಲ್ಲ. ಹಂಫ್ ಅವರನ್ನು ಒಮ್ಮೆ ನಮ್ಮೂರ ಭಜನೆಗೆ ಕರೆದು, ಹಾರ್ಮೋನಿಯಂ ಪಕ್ಕ ಕೂರಿಸಬೇಕಿತ್ತು.

ಜಾಝ್ ಹುಟ್ಟಿದ ನ್ಯೂ ಆರ್ಲಿಯನ್ಸ್‌ನಲ್ಲಿ ಹೆಣ ಹೊತ್ತು ಹೋಗುವಾಗ ಬ್ಯಾಂಡಿನವರು ಅಳುವ ಧಾಟಿ ನುಡಿಸಿ, ಮಣ್ಣು ಕೊಟ್ಟು ಬರುವಾಗ ಕುಣಿಯುವ ಧಾಟಿ ನುಡಿಸುತ್ತಾರೆ. ಅದೇನು ವಿಶೇಷ? ಸಂಗ್ಯಾ-ಬಾಳ್ಯಾದ ಕೊಲೆ ನಡೆದದ್ದೇ ನಮ್ಮ ಬೈಲಹೊಂಗಲದಲ್ಲಿ ಅನ್ನುತ್ತಾರೆ. ಅದನ್ನೂ ಸಣ್ಣಾಟ ಮಾಡಿ, ಹಾಡಿ, ನಡುನಡುವೆ ನಗಿಸಿ, ಬೆಳಗು ಹರಿಸಿದವರು ನಾವು. ನಮ್ಮ ಹೆಂಗಸರು ಹಾಡ್ಯಾಡಿಕೊಂಡು ಅಳುವುದನ್ನು ಕೇಳಿದ್ದೀರಲ್ಲ? ಸತ್ತವನ ಗುಣಗಾನ ಮಾಡುತ್ತ ಮಾಡುತ್ತ, ಅವನು ಜಾತ್ರೆಯಲ್ಲಿ ತಂದ ಬಳೆ ಕೈಗೆ ಹಿಡಿಸದ್ದನ್ನೂ, ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ತಾಟು ಸರಿಸಿದ್ದನ್ನೂ ರಾಗವಾಗಿ ಹೇಳುತ್ತಾರೆ. ಪಕ್ಕದವಳು ಸೆರಗಿನೊಳಗೆ ನಗುತ್ತಾಳೆ, ಹೊರಗೆ ಅಳುತ್ತಾಳೆ.

ನಾನು ಕಂಡ ಶ್ರದ್ಧಾಂಜಲಿ ಸಭೆಗಳಲ್ಲಿ ಕಾಕಾನ ಮನೆಯ ಆ ಸಭೆಯೇ ಸೈ. ಹಾರವಿಲ್ಲ, ಮೈಕಿಲ್ಲ, ತುಂಬಲಾರದ ನಷ್ಟದ ಭಾಷಣವಿಲ್ಲ. ನಗಿಸುವ ವಾಚಕರು, ನಿರೂಪಕರು ಮುಂದೆ ಯಾರೇ ತೀರಿಕೊಂಡರೂ ಒಂದು ನಿಮಿಷದ ಮೌನ ಬೇಡ, ಅರ್ಧ ಗಂಟೆ ಅವರ ಮಾತನ್ನೇ ಹಾಕಿ ಎಂದು ಆಕಾಶವಾಣಿಯವರಲ್ಲಿ ನನ್ನ ಅರ್ಜಿ.

ಇನ್ನೊಂದು ಅರ್ಜಿ ನಿಮ್ಮಲ್ಲಿ. ಕಾಕಾ ಈಗಿಲ್ಲ. ಅವರು ತೀರಿಕೊಂಡಾಗ ಮಾತಾಡಿಸಲು ಬಂದವರು ಯಾರೋ, ಬಹುಶಃ ಸವದತ್ತಿ ಕಡೆಯವರು, ‘ರಾವಸಾಹೇಬ’ ಕ್ಯಾಸೆಟ್ ಕೇಳಿ ಕೊಡುತ್ತೇವೆಂದು ಒಯ್ದಿದ್ದಾರೆ. ಹೊದಿಕೆಯ ಮೇಲೆ ಕಾಕಾನ ಕೈಬರಹದಲ್ಲಿ ‘ಇದನ್ನು ಯಾರಿಗೂ ಕೊಡಬಾರದು’ ಎಂದಿದೆ. ದಯವಿಟ್ಟು ತಂದು ಕೊಡಿ. ಟೇಪ್ ಸಿಕ್ಕಿಕೊಂಡು ಹರಿದಿದ್ದರೂ ಪರವಾಗಿಲ್ಲ, ನಾವು ಅಂಟಿಸಿಕೊಳ್ಳುತ್ತೇವೆ.