ಮಿತಾಹಾರಿ ಫ್ಯಾನು

ಗ್ರೀಷ್ಮದ ಧಗೆಯೂ ಕಡಲಿನ ತೇವವೂ ಪರಸ್ಪರ ಸ್ಪರ್ಧಿಸಿ ಮನುಷ್ಯನನ್ನು ಬೇಯಿಸುವ ಕೊಚ್ಚಿಯಲ್ಲಿ, ನಮ್ಮ ಭಾವನವರು 75 ವ್ಯಾಟಿನ ಹಳೆಯ ಫ್ಯಾನನ್ನು ಇಳಿಸಿ, 28 ವ್ಯಾಟಿನ ಬಿಎಲ್‌ಡಿಸಿ (ಬ್ರಷ್‌ರಹಿತ ಡಿ.ಸಿ. ಮೋಟಾರಿನ) ಫ್ಯಾನನ್ನು ಪರೀಕ್ಷಾರ್ಥವಾಗಿ ಏರಿಸಿದಾಗ, ಮನೆಯವರೆಲ್ಲರೂ ಶಂಕಾಕುಲಚಿತ್ತರಾದುದು ಸಹಜವೇ. ಇಷ್ಟು ಕಡಮೆ ತಿಂದು ಅಷ್ಟೇ ದುಡಿಯುವ ಪ್ರಾಣಿ ಲೋಕದಲ್ಲಿ ಉಂಟೇ ಎಂದು ಕೇಳಿದ ಅಕ್ಕನ ದೃಷ್ಟಿ ಭಾವನವರ ಮೇಲೆಯೇ ನೆಟ್ಟಿದ್ದಿತು.

ಈ ಫ್ಯಾನಿನ ಮೋಟಾರಿನೊಳಗಿರುವ ಕಾಯಂ ಅಯಸ್ಕಾಂತದ ದೆಸೆಯಿಂದ ವಿದ್ಯುತ್ತು ಶಾಖವಾಗಿ ವ್ಯರ್ಥವಾಗುವುದು ಕಡಮೆ. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 14 ಯೂನಿಟ್ ಉಳಿತಾಯವೆಂದು ಭಾವನವರು ಗೋಡೆಯ ಕ್ಯಾಲೆಂಡರಿನ ಮೇಲೆಯೇ ಗುಣಿಸಿ ತೋರಿಸಿದರು. ಲೆಕ್ಕ ಸರಿಯಾಗಿತ್ತು. ಆದರೆ ಫ್ಯಾನಿನ ರಿಮೋಟು ಮಾತ್ರ ನಡುರಾತ್ರಿ ಅಂತರ್ಧಾನವಾಗಲು, ಅದನ್ನು ಅರಸುವುದಕ್ಕಾಗಿ ಮನೆಯ ಸಮಸ್ತ ದೀಪಗಳೂ ಬೆಳಗಿದುವು!

ಇದೇ ಕೇರಳದಲ್ಲಿ, ತಿರುವನಂತಪುರದ ಶ್ರೀಕಾರ್ಯದಲ್ಲಿರುವ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರು 1996ರಿಂದಲೂ ಇಂಧನಮಿತವ್ಯಯವನ್ನು ಬೋಧಿಸುತ್ತಿದೆ. ಕೊಚ್ಚಿಯ ವಿಮಾನನಿಲ್ದಾಣವು 2015ರಲ್ಲಿಯೇ, ಸಂಪೂರ್ಣವಾಗಿ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಮೊದಲ ನಿಲ್ದಾಣವೆನಿಸಿತು. ಇಂತಹ ನಾಡಿನಲ್ಲಿ ದಿಂಬಿನಡಿ ಅವಿತುಕೊಂಡ ರಿಮೋಟಿಗೆ ಸೋಲುವುದು ನಾಚಿಕೆಗೇಡು. ವಾಚಕ ಮಹಾಶಯರೇ, ಫ್ಯಾನನ್ನು ಅವಶ್ಯವಾಗಿ ಕೊಳ್ಳಿರಿ. ರಿಮೋಟಿಗೆ ಮಾತ್ರ ಮೊದಲ ದಿನವೇ ದಾರ ಕಟ್ಟಿ ಮೊಳೆಗೆ ತೂಗುಹಾಕಿರಿ.