ಸರ್ವಹೋರಾಟ ಸಮೀಕರಣ ಶಾಸ್ತ್ರ: ಒಂದು ಪೀಠಿಕೆ

ಜಗತ್ತಿನ ಸಕಲ ಹೋರಾಟಗಳೂ ಒಂದೇ ಎಂಬುದು ಈ ಶಾಸ್ತ್ರದ ಪ್ರತಿಜ್ಞೆ. ಯಾವ ಚಳವಳಿಯಿಂದಲೇ ಆಗಲಿ ಯಾರು, ಯಾರ ವಿರುದ್ಧ, ಯಾಕೆ ಎಂಬ ಮೂರು ಕಲ್ಮಶಗಳನ್ನು ಸೋಸಿಬಿಟ್ಟರೆ ಉಳಿಯುವ ಸತ್ವ ಎಲ್ಲೆಡೆಯೂ ಸಮ: ಒಂದು ಬ್ಯಾನರು, ಒಂದು ಮೈಕು, ಮಧ್ಯಾಹ್ನಕ್ಕೆ ಚಿತ್ರಾನ್ನ. ನೆಂಟರ ಕಾರು ನಿಲ್ಲಿಸುವ ಜಾಗಕ್ಕಾಗಿ ಧರಣಿ ಕೂತ ಅಪಾರ್ಟ್‌ಮೆಂಟ್ ಸಂಘವೊಂದು ತನ್ನನ್ನು ಮಂಡೇಲಾಗೆ ಹೋಲಿಸಿಕೊಂಡದ್ದು ಈ ಸೂತ್ರದ ಬಲದಿಂದಲೇ. (27 ವರ್ಷದ ಸೆರೆವಾಸದ ಭಾಗಕ್ಕೆ ಮಾತ್ರ ಕಾರ್ಯದರ್ಶಿ ಒಪ್ಪಲಿಲ್ಲ.)

ಉದಾಹರಣೆ ನೋಡೋಣ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ದಲಿತರೊಡನೆ ನಡೆದುಹೋಗಿ ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. 1930ರ ಏಪ್ರಿಲ್ 6ರಂದು ಗಾಂಧಿ ದಂಡಿಯಲ್ಲಿ ಉಪ್ಪೆತ್ತಿದರು. ಎರಡರಲ್ಲೂ ನಡಿಗೆ, ಎರಡರಲ್ಲೂ ನೀರಿನಂಚು, ಎರಡರಲ್ಲೂ ಬಗ್ಗಿ ಕೈಯೊಡ್ಡುವುದು. ಬೆನ್ನು ಬಾಗಿದ ಕೋನ ಅಳೆದರೂ ಸಮವೇ ಬಂದೀತು. ಸಿದ್ಧಾಂತ ಸಿದ್ಧ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಪ್ರತಿ ವಿಚಾರ ಸಂಕಿರಣದ ಹಿಂದಿನ ಸಾಲಿನಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. "ಸ್ವಾಮಿ, ದಂಡಿಯಲ್ಲಿ ಕಾನೂನು ಮುರಿಯಬೇಕಿತ್ತು. ಮಹಾಡಿನಲ್ಲಿ ಕಾನೂನು ನೀರು ಕುಡಿಯುವವರ ಕಡೆಗೇ ಇತ್ತಲ್ಲ? ಸಾರ್ವಜನಿಕ ಕೆರೆಬಾವಿ ಎಲ್ಲರಿಗೂ ಎಂಬ ಬೋಲೆಯವರ ಠರಾವನ್ನು ಮುಂಬಯಿ ಶಾಸನಸಭೆ 1923ರಲ್ಲೇ ಒಪ್ಪಿತ್ತು. ಮಹಾಡ್ ಪುರಸಭೆಯೂ ಹಾಗೆಂದು ಬರೆದಿಟ್ಟಿತ್ತು. ಅಡ್ಡ ನಿಂತದ್ದು ಪಕ್ಕದ ಬೀದಿಯವರು. ವೀರೇಶ್ವರನ ಗುಡಿಗೂ ನುಗ್ಗುತ್ತಾರಂತೆ ಎಂದು ಗಾಳಿಸುದ್ದಿ ಹಬ್ಬಿಸಿ, ಊಟಕ್ಕೆ ಕೂತವರನ್ನು ಹೊಡೆದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆಗಳಿಂದ ಕೆರೆಗೆ ಶುದ್ಧಿ ಮಾಡಿಸಿದರು. ಗಾಂಧಿ ಮುಟ್ಟಿದರೆಂದು ವೈಸರಾಯ್ ಇರ್ವಿನ್ ಅರಬ್ಬಿ ಸಮುದ್ರವನ್ನು ತೊಳೆಸಿದನೆ?"

ಸಮಾಧಾನ: ಸಮುದ್ರ ದೊಡ್ಡದು, ಮಡಕೆ ಸಾಲುತ್ತಿರಲಿಲ್ಲ.

ಆಸಾಮಿ ಕೂರುವುದಿಲ್ಲ. ದಂಡಿಯಾತ್ರೆ ಹೊರಡುವ ಹತ್ತು ದಿನ ಮೊದಲು, 1930ರ ಮಾರ್ಚ್ 2ರಂದು, ನಾಸಿಕದ ಕಾಳಾರಾಮ ಗುಡಿಗೆ ಬಂದ ದಲಿತರ ಮುಖಕ್ಕೆ ಬಾಗಿಲು ಹಾಕಿದ್ದು ಬ್ರಿಟಿಷರೇನು ಎಂದು ಕೇಳುತ್ತಾನೆ. ಎರಡನ್ನೂ ಒಂದೇ ಖಾತೆಗೆ ಬರೆದರೆ 1947ರ ಆಗಸ್ಟಿನಲ್ಲಿ ಎರಡೂ ಚುಕ್ತಾ ಆಯಿತೆನ್ನಬೇಕು. ಹಾಗಾದರೆ ಆಮೇಲೂ ನಮ್ಮ ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆಂದು ಬೇರೆ ಲೋಟ ಇಟ್ಟವರು ಯಾವ ದೇಶದವರು ಎನ್ನುತ್ತಾನೆ. ಹೋಲಿಕೆಯೇ ಬೇಡವೆನ್ನುವ ಹಟವೂ ಅವನಿಗಿಲ್ಲ. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕರಿಯರ ನಾಯಕ ಡು ಬೋಯಿಸ್‌ಗೆ ಪತ್ರ ಬರೆದದ್ದನ್ನು ತಾನೇ ನೆನಪಿಸುತ್ತಾನೆ. ಅವರು ಕೇಳಿದ್ದು ಅಲ್ಲಿನ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿಯನ್ನಂತೆ; ನಮ್ಮದೂ ನಿಮ್ಮದೂ ಒಂದೇ, ಒಂದೇ ಅರ್ಜಿ ಸಾಕು ಎನ್ನಲಿಲ್ಲವಂತೆ. ಇಂಥ ಸೂಕ್ಷ್ಮಗಳು ಶಾಸ್ತ್ರದ ಆರೋಗ್ಯಕ್ಕೆ ಹಾನಿಕರ.

ಮಹಾಡಿನ ಕೆರೆಯ ನೀರಿನ ಹಕ್ಕಿನ ದಾವೆ ಮುಂಬಯಿ ಹೈಕೋರ್ಟಿನಲ್ಲಿ ತೀರ್ಮಾನವಾದದ್ದು 1937ರ ಮಾರ್ಚ್‌ನಲ್ಲಿ. ನೀರು ಮುಟ್ಟಿದ ಹತ್ತು ವರ್ಷಕ್ಕೆ. ಈ ಹತ್ತು ವರ್ಷ ಸಮೀಕರಣದ ಯಾವ ಬದಿಗಿಟ್ಟರೂ ತಾಳೆಯಾಗದ ಕಾರಣ ಅನುಬಂಧಕ್ಕೆ ತಳ್ಳಲಾಗಿದೆ. ಅನುಬಂಧ ಅಚ್ಚುಹಾಕುವ ಯೋಚನೆ ಸದ್ಯಕ್ಕಿಲ್ಲ.