ಬಾದಾಮಿಕ್ಷೀರ ಮೀಮಾಂಸೆ (ಸಭಾಷ್ಯ)

ಯಾವ ಶಾಸ್ತ್ರಕ್ಕೂ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇಲ್ಲಿ ವಿಷಯ ಬಾದಾಮಿ ಹಾಲು. ಬೇಕರಿಯ ಶೀಸೆಯೊಳಗೆ ಹಳದಿಯಾಗಿ ನಿಂತಿರುವ, ಆಕಳ ಹಾಲಿಗೆ ಕೇಸರಿ ಏಲಕ್ಕಿ ಬೆರೆಸಿದ ಪಾನೀಯವಲ್ಲ. ಆಕಳ ಗೊಡವೆಯೇ ಇಲ್ಲದೆ ಬರೀ ಬಾದಾಮಿಯನ್ನು ನೀರಿನಲ್ಲಿ ರುಬ್ಬಿ ಸೋಸಿದ್ದು. ಪ್ರಯೋಜನವನ್ನು ಗ್ರಂಥ ಮುಗಿಯುವುದರೊಳಗೆ ಹುಡುಕಲಾಗುವುದು. ಸಂಬಂಧವು ಬೆಳಗಿನ ಮಿಕ್ಸಿಗೂ ಪಕ್ಕದ ಮನೆಯವರ ನಿದ್ದೆಗೂ ಇರುವಂಥದ್ದು. ಇನ್ನು ಅಧಿಕಾರಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವನೇ ಅಧಿಕಾರಿ ಎಂದು ಒಂದು ಪಕ್ಷ. ರಜೆಗೆ ಬಂದ ವಿದೇಶವಾಸಿ ಮಗಳ ತಾಯಿಗೆ ಮಾತ್ರ ಅಧಿಕಾರ ಎಂದು ಇನ್ನೊಂದು. ಅಂಗಡಿಯಲ್ಲಿ ಒಂದು ಲೀಟರ್ ಡಬ್ಬಿಯ ಬೆಲೆ ಓದಿ, ಅದನ್ನು ಸದ್ದಿಲ್ಲದೆ ಮತ್ತೆ ಕಪಾಟಿನಲ್ಲಿಟ್ಟು ಬಂದವನೇ ಮುಖ್ಯಾಧಿಕಾರಿ ಎಂಬುದು ಸಿದ್ಧಾಂತ.

ಈಗ ಇತಿಹಾಸ. ಇದನ್ನು ಬಾದಾಮಿ ಪಟ್ಟಣದಿಂದ ಆರಂಭಿಸಬೇಕೆಂಬ ಆಸೆ ಯಾವ ಸಂಶೋಧಕನಿಗಾದರೂ ಹುಟ್ಟುತ್ತದೆ. ಆದರೆ 543ರಲ್ಲಿ ಒಂದನೆಯ ಪುಲಕೇಶಿ ಅಲ್ಲಿ ಕೋಟೆ ಕಟ್ಟಿಸಿದ್ದಕ್ಕೆ ಬಂಡೆಯ ಮೇಲೆ ಶಾಸನವಿದೆ. ಬಾದಾಮಿ ನೆನೆಹಾಕಿದ್ದಕ್ಕೆ ಇಲ್ಲ. ಶಾಲೆಯಂಗಳದ ಬಾದಾಮಿ ಮರವೂ ಸಾಕ್ಷಿಗೆ ನಿಲ್ಲುವುದಿಲ್ಲ. ಮಕ್ಕಳು ಕಲ್ಲಿನಿಂದ ಕುಟ್ಟಿ ತಿನ್ನುವ ಆ ಕಾಯಿಗೂ ಅಂಗಡಿಯ ಬಾದಾಮಿಗೂ ಕುಲವೂ ಬೇರೆ, ಗೋತ್ರವೂ ಬೇರೆ. ಅಂಗಡಿಯದು ಗುಲಾಬಿ ಕುಟುಂಬಕ್ಕೆ ಸೇರಿದ್ದು, ಪೀಚ್ ಹಣ್ಣಿನ ದಾಯಾದಿ. ಜಗತ್ತಿನ ಬೆಳೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕ್ಯಾಲಿಫೋರ್ನಿಯಾದ್ದು. ಫೆಬ್ರವರಿಯಲ್ಲಿ ಅಲ್ಲಿ ತೋಟಗಳು ಹೂಬಿಟ್ಟಾಗ ಪರಾಗಸ್ಪರ್ಶಕ್ಕೆಂದು ದೇಶದ ಮೂಲೆಮೂಲೆಯಿಂದ ಜೇನುಪೆಟ್ಟಿಗೆಗಳನ್ನು ಲಾರಿಗಳಲ್ಲಿ ಹೇರಿಕೊಂಡು ಹೋಗುತ್ತಾರೆ. ಆಕಳ ಋಣ ಹರಿಯಿತೆಂದು ಬೀಗುವವರು ಜೇನುನೊಣದ ಕಡೆಗೂ ಒಂದು ನಮಸ್ಕಾರ ಹಾಕುವುದು ಕ್ಷೇಮ.

ಇದು ಮೊನ್ನೆ ಮೊನ್ನೆಯ ಶೋಕಿ ಎಂಬ ಪೂರ್ವಪಕ್ಷ ನಿಲ್ಲುವುದಿಲ್ಲ. ಸುಮಾರು 1390ರಲ್ಲಿ ಇಂಗ್ಲೆಂಡಿನ ಎರಡನೆಯ ರಿಚರ್ಡ್ ದೊರೆಯ ಬಾಣಸಿಗರು ಬರೆದಿಟ್ಟ ‘ಫಾರ್ಮ್ ಆಫ್ ಕ್ಯೂರಿ’ ಎಂಬ ಪಾಕಗ್ರಂಥದಲ್ಲಿ ಬಾದಾಮಿ ಹಾಲು ಮತ್ತೆ ಮತ್ತೆ ಬರುತ್ತದೆ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಮಾಂಸದ ಜೊತೆಗೆ ಹಾಲು, ಮೊಟ್ಟೆಯೂ ವರ್ಜ್ಯ. ಉಳ್ಳವರ ಅಡುಗೆಮನೆ ಬಾದಾಮಿಯ ಮೊರೆಹೊಕ್ಕಿತು. ನಮ್ಮಲ್ಲೂ ಮಾಧ್ವರ ಚಾತುರ್ಮಾಸ್ಯದ ಮೂರನೆಯ ತಿಂಗಳು ಕ್ಷೀರವ್ರತ, ಹಾಲು ಮುಟ್ಟುವಂತಿಲ್ಲ. ಅಂದರೆ ಸಮಸ್ಯೆ ಇಬ್ಬರಿಗೂ ಒಂದೇ ಇತ್ತು. ಅವರು ಬಾದಾಮಿ ರುಬ್ಬಿದರು. ನಮ್ಮವರು ಒಂದು ತಿಂಗಳು ತಡೆದುಕೊಂಡರು. ಇದರಲ್ಲಿ ಯಾವುದು ಹೆಚ್ಚಿನ ನಾಗರಿಕತೆ ಎಂಬುದನ್ನು ಓದುಗರಿಗೇ ಬಿಡುತ್ತೇವೆ. ಆ ತಿಂಗಳ ಕಾಫಿಗೆ ಬಾದಾಮಿ ಹಾಲು ಸಲ್ಲುತ್ತದೆಯೇ ಎಂಬುದನ್ನು ಮಠದವರೇ ಹೇಳಬೇಕು, ನಾವು ಆ ತಂಟೆಗೆ ಹೋಗುವುದಿಲ್ಲ.

ಮೊದಲನೆಯ ಸೂತ್ರ: ‘ನೆನೆದದ್ದೇ ಬಾದಾಮಿ.’ ಭಾಷ್ಯ: ಒಂದು ಬಟ್ಟಲು ಬಾದಾಮಿಯನ್ನು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಚಹದ ಬಣ್ಣಕ್ಕೆ ತಿರುಗಿದ ಆ ನೀರನ್ನು ಚೆಲ್ಲಬೇಕು. ಇವರು ರಾತ್ರಿವಾದಿಗಳು. ಮರೆತು ಮಲಗಿದವರು ಬೆಳಿಗ್ಗೆ ಒಂದೆರಡು ನಿಮಿಷ ಕುದಿನೀರಿನಲ್ಲಿಟ್ಟು ತಣ್ಣೀರಿಗೆ ಹಾಕುತ್ತಾರೆ, ಇವರು ಕುದಿವಾದಿಗಳು. ಇಬ್ಬರಲ್ಲೂ ಸಿಪ್ಪೆ ಬಿಡುತ್ತದೆ. ಆದರೂ ರಾತ್ರಿವಾದಿಗಳು ಕುದಿವಾದಿಗಳನ್ನು ಸೋಮಾರಿಗಳೆಂದೇ ಲೆಕ್ಕಿಸುತ್ತಾರೆ.

ಸಿಪ್ಪೆ ತೆಗೆಯುವಲ್ಲಿ ಒಂದು ಸೂಕ್ಷ್ಮವಿದೆ. ನೆನೆದ ಬಾದಾಮಿಯ ದಪ್ಪ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ, ಸುಕ್ಕುಗಟ್ಟಿದ ಕಂದು ಸಿಪ್ಪೆ ಬೆರಳಲ್ಲೇ ಉಳಿದು, ದಂತದಂಥ ಬಿಳಿ ಬೇಳೆ ಚೂಪು ತುದಿಯ ಕಡೆಯಿಂದ ಚಿಮ್ಮುತ್ತದೆ. ಚಿಮ್ಮಿದ್ದು ಬಟ್ಟಲಿಗೆ ಬೀಳುವುದು ಉತ್ಸರ್ಗ. ಫ್ರಿಜ್ಜಿನ ಅಡಿಗೆ ಹೋಗುವುದು ಅಪವಾದ. ವ್ಯವಹಾರದಲ್ಲಿ ಅಪವಾದವೇ ಬಲೀಯವೆಂದು ನೆಲ ಒರೆಸುವವರ ಅನುಭವ. ಸಿಪ್ಪೆ ಸಮೇತ ರುಬ್ಬಬಹುದೆಂಬ ಪ್ರಗತಿಪರ ಶಾಖೆಯೂ ಇದೆ. ಅವರ ಹಾಲು ಕೊಂಚ ಮಬ್ಬು, ಕೊಂಚ ಒಗರು, ಆದರೆ ಅವರ ಮನೆಯ ನೆಲ ಶುಭ್ರ.

ಎರಡನೆಯ ಸೂತ್ರ: ‘ಒಂದಕ್ಕೆ ನಾಲ್ಕು.’ ಒಂದು ಬಟ್ಟಲು ಬಾದಾಮಿಗೆ ನಾಲ್ಕು ಬಟ್ಟಲು ನೀರು. ಮೊದಲು ಸ್ವಲ್ಪವೇ ನೀರು ಹಾಕಿ ನುಣ್ಣಗೆ ಅರೆದು, ಆಮೇಲೆ ಉಳಿದದ್ದನ್ನು ಸೇರಿಸಬೇಕು. ಬಾದಾಮಿಯಲ್ಲಿ ಅರ್ಧದಷ್ಟು ಎಣ್ಣೆಯೇ. ಬ್ಲೇಡಿನ ಹೊಡೆತಕ್ಕೆ ಅದು ಸಣ್ಣ ಹನಿಗಳಾಗಿ ಒಡೆದು, ಬಾದಾಮಿಯದೇ ಪ್ರೋಟೀನು ಮೈಗಂಟಿಕೊಂಡು ನೀರಿನಲ್ಲಿ ತೇಲುತ್ತದೆ. ಆ ಹನಿಗಳ ಮೇಲೆ ಬೆಳಕು ಚದುರುವುದರಿಂದ ಬಿಳುಪು. ಅಂಟು, ಗೋಂದು ಏನೂ ಹಾಕಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ಕೆನೆಯಂಥದು, ಕೆಳಗೆ ನೀರು. ‘ಕೆಟ್ಟಿದೆ’ ಎಂದು ಚೆಲ್ಲಬಾರದು, ಕುಲುಕಬೇಕು. ಅಂಗಡಿಯ ಡಬ್ಬಿಯ ಹಾಲು ಹಾಗೆ ಒಡಕು ತೋರಿಸುವುದಿಲ್ಲ, ಏಕೆಂದರೆ ಅದಕ್ಕೆ ಗೆಲ್ಲನ್ ಗಮ್ಮಿನ ಆಸರೆಯಿದೆ. ಬಾದಾಮಿ ಮಾತ್ರ ಎಷ್ಟೋ ಡಬ್ಬಿಗಳಲ್ಲಿ ಶೇ. 2 ಅಥವಾ 3.

ಸೋಸುವ ಬಟ್ಟೆಯ ಪ್ರಕರಣದಲ್ಲಿ ನಮಗೆ ಪ್ರತಿವಾದಿಭಯಂಕರರೊಬ್ಬರು ಎದುರಾದರು. ಅವರು ನಮ್ಮ ತಾಯಿ. ಆಮದು ಮಾಡಿದ ‘ನಟ್ ಮಿಲ್ಕ್ ಬ್ಯಾಗ್’ ಕುರಿತ ನಮ್ಮ ನಿರೂಪಣೆಯನ್ನು ಪೂರ್ತಿ ಕೇಳಿ, “ಅಲ್ಲ ಕಣೋ, ನಿಂಗೆ ರಾಗಿ ಹಾಲು ತೆಗೀತಿದ್ದದ್ದು ಹೀಗೇ ತಾನೆ? ಅಪ್ಪನ ಹಳೇ ಪಂಚೆ ಚೂರೇ ಸಾಕಾಗಿತ್ತು,” ಎಂದರು. ಪರಿಶೀಲಿಸಲಾಗಿ, ಹಾಲುಬಾಯಿಗೆ ಅಕ್ಕಿಯನ್ನೋ ರಾಗಿಯನ್ನೋ ರುಬ್ಬಿ ಹಿಂಡುವುದೂ, ಒತ್ತು ಶಾವಿಗೆಯ ಜೊತೆಗೆ ಕಾಯಿಹಾಲು ತೆಗೆಯುವುದೂ ಇದೇ ತಂತ್ರವೆಂದು ಸಿದ್ಧವಾಯಿತು. ನಮ್ಮ ಹಸ್ತಪ್ರತಿಯ ಹನ್ನೆರಡು ಪುಟಗಳು ಅಲ್ಲಿಗೇ ನಿರರ್ಥಕವಾದವು. ಆದರೂ ಪುಟಸಂಖ್ಯೆಯ ಹಿತದೃಷ್ಟಿಯಿಂದ ಉಳಿಸಿಕೊಂಡಿದ್ದೇವೆ.

ಪರೀಕ್ಷಾ ಖಂಡ. ಹೆಪ್ಪಿನ ಪರೀಕ್ಷೆಯಲ್ಲಿ ಈ ಹಾಲು ಫೇಲು: ರಾತ್ರಿ ಒಂದು ಚಮಚ ಮೊಸರು ಬೆರೆಸಿಟ್ಟರೆ ಬೆಳಿಗ್ಗೆ ಸಿಗುವುದು ಮೊಸರಲ್ಲ, ಹುಳಿ ನೀರು. ಮೊಸರಿಲ್ಲವೆಂದರೆ ಮಜ್ಜಿಗೆಯಿಲ್ಲ, ಬೆಣ್ಣೆಯಿಲ್ಲ, ತುಪ್ಪವಿಲ್ಲ. ಕೊನೆಯ ತುತ್ತಿಗೆ ಮೊಸರನ್ನ ಬೇಕೇ ಬೇಕೆನ್ನುವ ನಾಡಿನಲ್ಲಿ ಇದು ಸಣ್ಣ ದೋಷವಲ್ಲ. ಕಾಫಿ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕ್ಸಿನಲ್ಲಿ ಪಾಸು: ಫ್ರಿಜ್ಜಿನ ಹಾಲನ್ನು ಕುದಿಯುವ ಡಿಕಾಕ್ಷನ್ನಿಗೆ ಸುರಿದರೆ ಒಡೆಯುತ್ತದೆ, ಹಾಲನ್ನು ಬೆಚ್ಚಗೆ ಮಾಡಿಕೊಂಡು ಡಿಕಾಕ್ಷನ್ನನ್ನೇ ನಿಧಾನವಾಗಿ ಬೆರೆಸಿದರೆ ಬಹುಮಟ್ಟಿಗೆ ತಡೆಯುತ್ತದೆ. ಗೃಹಪ್ರವೇಶಕ್ಕೆ ಇದನ್ನು ಉಕ್ಕಿಸಬಹುದೇ ಎಂದು ಕೇಳಿದಾಗ ಪುರೋಹಿತರು ಉತ್ತರಿಸದೆ ಬಾಗಿಲ ತೋರಣವನ್ನೇ ನೋಡುತ್ತ ನಿಂತರು. ಹಸುಗೂಸಿಗೆ ಹಾಲಿನ ಬದಲು ಕೊಡಲೇಬಾರದು, ಇದರಲ್ಲಿ ತಮಾಷೆಯಿಲ್ಲ.

ಈಗ ಚರಟಾಧಿಕರಣ. ಈ ಶಾಸ್ತ್ರದ ಜೀವಾಳ ಇದೇ. ಹಿಂಡಿದ ಮೇಲೆ ಬಟ್ಟೆಯಲ್ಲಿ ಒಂದು ಹಿಡಿ ಒದ್ದೆ ರವೆಯಂಥ ಚರಟ ಉಳಿಯುತ್ತದೆ. ನಾರೆಲ್ಲ ಅದರಲ್ಲೇ; ಪ್ರೋಟೀನಿನಲ್ಲೂ ದೊಡ್ಡ ಪಾಲು ಅದರದೇ. ಕಿಲೋಗೆ ಸಾವಿರ ರೂಪಾಯಿಯ ಆಸುಪಾಸು ಕೊಟ್ಟು ತಂದದ್ದನ್ನು ಎಸೆಯುವ ಕೈ ಯಾವ ಮನೆಯಲ್ಲೂ ಇಲ್ಲ. ಮೊದಲ ದಿನ ಅದು ಚಪಾತಿ ಹಿಟ್ಟಿಗೆ, ಮರುದಿನ ದೋಸೆ ಹಿಟ್ಟಿಗೆ, ಆಮೇಲೆ ಕಡಲೆಹಿಟ್ಟಿನ ಜೊತೆ ಮುಖಕ್ಕೆ. ಅಷ್ಟರಲ್ಲಿ ಹೊಸ ಹಾಲಿನ ಹೊಸ ಚರಟ ತಯಾರು, ಏಕೆಂದರೆ ಹಾಲು ಫ್ರಿಜ್ಜಿನಲ್ಲೂ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಹೀಗೆ ಆರೋಗ್ಯಕ್ಕೆಂದು ಲೋಟದಲ್ಲಿ ನೀರನ್ನೂ, ಉಳಿತಾಯಕ್ಕೆಂದು ತಟ್ಟೆಯಲ್ಲಿ ಆರೋಗ್ಯವನ್ನೂ ಸೇವಿಸುವ ಅಪೂರ್ವ ಕ್ರಮ ಸಿದ್ಧಿಸುತ್ತದೆ. ಬಾದಾಮಿಯನ್ನು ಹಾಗೇ ಅಗಿದು ಮೇಲೆ ನೀರು ಕುಡಿದರಾಗದೇ ಎಂಬ ಪ್ರಶ್ನೆ ಬರುತ್ತದೆ. ಅದು ಅಗಿಯುವ ಶಾಸ್ತ್ರಕ್ಕೆ ಸೇರಿದ್ದರಿಂದ ಇಲ್ಲಿ ಅಪ್ರಸ್ತುತ.

ಕೊನೆಗೆ ಒಂದು ನಾಸ್ತಿಕ ಮತದ ಖಂಡನೆ ಬಾಕಿಯಿದೆ. ಎರಡು ಚಮಚ ಬಾದಾಮಿ ಬೆಣ್ಣೆಯನ್ನು ಎರಡು ಲೋಟ ನೀರಿಗೆ ಹಾಕಿ ಒಂದು ನಿಮಿಷ ಮಿಕ್ಸಿ ತಿರುಗಿಸಿದರೆ ಹಾಲಾಯಿತು ಎಂದು ಕೆಲವರು ವಾದಿಸುತ್ತಾರೆ. ನೋಡಲಾಗಿ, ಆಗುತ್ತದೆ. ನೆನೆಹಾಕುವಂತಿಲ್ಲ, ಸುಲಿಯುವಂತಿಲ್ಲ, ಸೋಸುವ ಬಟ್ಟೆ ಬೇಡ, ಚರಟವೂ ಇಲ್ಲ. ಭಾಷ್ಯ ಬರೆಯಲು ಏನೂ ಉಳಿಯದ ಈ ಮತವನ್ನು ನಾವು ಸರ್ವಥಾ ಅಗ್ರಾಹ್ಯವೆಂದು ಘೋಷಿಸುತ್ತೇವೆ.